ನಿಮ್ಮೂರಿನ ರಂಗನಟಿಯ ಬಗ್ಗೆ ಸಾಕ್ಷ್ಯಚಿತ್ರ ಮಾಡುವುದು ಹೇಗೆ?

ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು, ತೇರು ಎಳೆದು ಮುಗಿದ ಮೇಲೂ ಅಲ್ಲಿ ಕಂಪನಿ ನಾಟಕಗಳ ಕ್ಯಾಂಪುಗಳು ದಿನಗಟ್ಟಲೆ ನಡೆಯುತ್ತವೆ. ರಾತ್ರಿಯೆಲ್ಲ ರಂಗದ ಮೇಲೆ ಹಾಡಿ, ಅತ್ತು, ನಗಿಸಿದ ನಟಿ ಬೆಳಗಾದರೆ ಅದೇ ತಗಡಿನ ಥಿಯೇಟರಿನ ಹಿಂದೆ ಒಲೆ ಹಚ್ಚುತ್ತಾರೆ. ಪ್ರೇಕ್ಷಕರು ಕಾಣುವುದು ಮೊದಲನೆಯದನ್ನು ಮಾತ್ರ. ಎರಡನ್ನೂ ಒಟ್ಟಿಗೆ ಹಿಡಿಯುವ ಕೆಲಸ ಸಾಕ್ಷ್ಯಚಿತ್ರದ್ದು. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನಂಥ ಗಂಡು ಪಾತ್ರಗಳನ್ನು ಮಾಡಿ ಗೆದ್ದ ಆರ್. ನಾಗರತ್ನಮ್ಮ 2012ರಲ್ಲಿ ತೀರಿಕೊಂಡರು. ಅವರ ಕಾಲದ ಕಲಾವಿದೆಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ನಿಮ್ಮ ಓಣಿಯಲ್ಲೇ ಅಂಥವರೊಬ್ಬರು ಇರಬಹುದು. ಈಗಿನ ಮೊಬೈಲ್ ಕ್ಯಾಮೆರಾ, ಒಂದು ಟ್ರೈಪಾಡ್, ಒಂದು ಒಳ್ಳೆಯ ಮೈಕ್ ಇದ್ದರೆ ಇಪ್ಪತ್ತೈದು ನಿಮಿಷದ ಚಿತ್ರ ಮಾಡಬಹುದು. ತಾಳ್ಮೆ ಮಾತ್ರ ಬಾಡಿಗೆಗೆ ಸಿಗುವುದಿಲ್ಲ.

ಮೊದಲು: ಕ್ಯಾಮೆರಾ ಮನೆಯಲ್ಲಿ ಬಿಟ್ಟು ಹೋಗಿ

ಮೊದಲ ಮೂರು ನಾಲ್ಕು ಭೇಟಿಗಳಲ್ಲಿ ಏನನ್ನೂ ಚಿತ್ರಿಸಬೇಡಿ. ಚಹಾ ಕುಡಿಯಿರಿ, ತಾಲೀಮು ನೋಡಿ, ಹಾರ್ಮೋನಿಯಂ ಮಾಸ್ತರರ ಪಕ್ಕ ಕುಳಿತುಕೊಳ್ಳಿ. ಅವರ ದಿನ ಹೇಗೆ ಸಾಗುತ್ತದೆ, ಯಾವ ಹೊತ್ತಿಗೆ ಮಾತಿಗೆ ಸಿಗುತ್ತಾರೆ, ಯಾರ ಎದುರು ಮಾತು ನಿಲ್ಲಿಸುತ್ತಾರೆ ಎಂಬುದೆಲ್ಲ ಈ ದಿನಗಳಲ್ಲಿ ತಿಳಿಯುತ್ತದೆ. ಅಂದಂದಿನ ಟಿಪ್ಪಣಿಯನ್ನು ಅಂದೇ ಮನೆಗೆ ಬಂದು ಬರೆದಿಡಿ.

ಹೀಗೆ ಕಾಯುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ನಮ್ಮ ನಿಪ್ಪಾಣಿಯೇ ಸಾಕ್ಷಿ. ಸಾಕ್ಷ್ಯಚಿತ್ರ ನಿರ್ದೇಶಕಿ ದೀಪಾ ಧನರಾಜ್ ಮತ್ತು ಗೆಳೆಯರು 1980ರಲ್ಲಿ ಕಟ್ಟಿದ ‘ಯುಗಾಂತರ್’ ತಂಡ ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಂಗಸರ ಹೋರಾಟದ ಬಗ್ಗೆ 1982ರಲ್ಲಿ ‘ತಂಬಾಕು ಚಾಕಿಲಾ ಓಬ್ ಆಲಿ’ ಚಿತ್ರ ಮಾಡಿತು. ಅದಕ್ಕೆ ಮೊದಲು ತಂಡದವರು ಬಹಳ ದಿನ ಆ ಹೆಂಗಸರ ಜೊತೆ ಇದ್ದು ಅವರ ಮಾತು ಕೇಳಿದ್ದರು. ಕೆಲವು ಘಟನೆಗಳನ್ನು ಆ ಹೆಂಗಸರೇ ಕ್ಯಾಮೆರಾ ಎದುರು ಮತ್ತೆ ನಡೆಸಿ ತೋರಿಸಿದರು. ಹೊರಗಿನಿಂದ ಬಂದು ಒಂದೇ ದಿನದಲ್ಲಿ ಶೂಟಿಂಗ್ ಮುಗಿಸುವವರಿಗೆ ಅಂಥ ವಿಶ್ವಾಸ ಸಿಗುವುದಿಲ್ಲ.

ಎರಡನೆಯದು: ಒಪ್ಪಿಗೆ ಮತ್ತು ಹಣದ ಮಾತು

ಇದನ್ನು ಮುಜುಗರವಿಲ್ಲದೆ ಮೊದಲೇ ಮಾತಾಡಿ. ಸರಳ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಬರೆದು ಓದಿ ಹೇಳಿ. ಚಿತ್ರ ಎಲ್ಲೆಲ್ಲಿ ಪ್ರದರ್ಶನವಾಗಬಹುದು, ಇಂಟರ್ನೆಟ್ಟಿಗೆ ಹಾಕುತ್ತೀರಾ, ಅವರಿಗೆ ಬೇಡವಾದ ಭಾಗವನ್ನು ತೆಗೆಯುತ್ತೀರಾ ಎಂಬುದೆಲ್ಲ ಅದರಲ್ಲಿರಲಿ. ಮನೆಯ ಹಳೆಯ ಫೋಟೊಗಳಿಗೂ ನಾಟಕದ ಹಾಡುಗಳಿಗೂ ಬೇರೆ ಬೇರೆ ಒಪ್ಪಿಗೆ ಬೇಕು. ಹಾಡು ನಾಟಕಕಾರರದ್ದು, ಪ್ರದರ್ಶನ ಕಂಪನಿಯದ್ದು, ಹಾಗಾಗಿ ಕಂಪನಿಯ ಮಾಲೀಕರನ್ನೂ ಕೇಳಲೇಬೇಕು.

ಅವರ ದಿನಕ್ಕೆ ಸಂಭಾವನೆ ಕೊಡಿ. ಹಣ ಕೊಟ್ಟರೆ ಸಾಕ್ಷ್ಯಚಿತ್ರದ ಸತ್ಯ ಕೆಡುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಛಾಯಾಗ್ರಾಹಕರಿಗೆ, ಸಂಕಲನಕಾರರಿಗೆ ಹಣ ಕೊಡುವ ಚಿತ್ರ, ಯಾರ ಬದುಕಿನಿಂದ ಹುಟ್ಟಿತೋ ಅವರಿಗೆ ಒಂದು ಶಾಲು ಹೊದಿಸಿ ಕಳಿಸುವುದು ಅನ್ಯಾಯ.

ಮೂರನೆಯದು: ಅವರು ನಟಿ ಎಂಬುದನ್ನು ಮರೆಯಬೇಡಿ

ಇಡೀ ಕೆಲಸದಲ್ಲಿ ಕಠಿಣವಾದ ಹಂತ ಇದು. ಐವತ್ತು ವರ್ಷ ಪ್ರೇಕ್ಷಕರ ಎದುರು ನಿಂತವರಿಗೆ ಕ್ಯಾಮೆರಾ ಕಂಡ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ದನಿ ಏರುತ್ತದೆ. ಹೊಸಬರು ಇದನ್ನು ಅಡ್ಡಿ ಎಂದುಕೊಂಡು ‘ಅಮ್ಮಾ, ಸಹಜವಾಗಿರಿ’ ಎನ್ನುತ್ತಾರೆ. ದಯವಿಟ್ಟು ಹಾಗೆನ್ನಬೇಡಿ. ಅದೇ ಅವರ ಸಹಜ. ತಾವು ಹೇಗೆ ಕಾಣಬೇಕು ಎಂಬುದನ್ನು ಅವರು ಜೀವನವಿಡೀ ತಾವೇ ನಿರ್ದೇಶಿಸಿಕೊಂಡಿದ್ದಾರೆ.

ರೀನಾ ಮೋಹನ್ ಅವರ ‘ಕಮಲಾಬಾಯಿ’ ಚಿತ್ರವನ್ನು ಹುಡುಕಿ ನೋಡಿ. ದಾದಾಸಾಹೇಬ್ ಫಾಲ್ಕೆ ಅವರ 1913ರ ಸಿನಿಮಾ ‘ಮೋಹಿನಿ ಭಸ್ಮಾಸುರ’ದಲ್ಲಿ ಹದಿಮೂರರ ಆಸುಪಾಸಿನ ಹುಡುಗಿ ಕಮಲಾಬಾಯಿ ಮೋಹಿನಿಯಾದರೆ, ಅವರ ತಾಯಿ ದುರ್ಗಾಬಾಯಿ ಕಾಮತ್ ಪಾರ್ವತಿಯಾದರು. ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲ ಅದು. ಆ ಹುಡುಗಿ ಮುದುಕಿಯಾದಾಗ ತೆಗೆದ ಚಿತ್ರ ಇದು. ಇಳಿವಯಸ್ಸಿನಲ್ಲೂ ರಂಗದ ಮಾತುಗಳನ್ನು ಬಿಡದ ಆ ಜೀವದ ಎದುರು ನಿರ್ದೇಶಕಿ ತಾಳ್ಮೆಯಿಂದ ಕೂರುತ್ತಾರೆ. ಪಾತ್ರ ಎಲ್ಲಿ ಮುಗಿಯಿತು, ಹೆಂಗಸು ಎಲ್ಲಿ ಶುರುವಾದಳು ಎಂದು ಗೆರೆ ಎಳೆಯಲು ಹೋಗುವುದಿಲ್ಲ. ಆ ಗೆರೆಯನ್ನು ನೀವೂ ಎಳೆಯಬೇಡಿ.

ಇನ್ನೊಂದು ಮಾತು. ಅಳುವನ್ನು ಬೆನ್ನಟ್ಟಬೇಡಿ. ಕಲಾವಿದೆಯ ಬಡತನ, ಒಂಟಿತನ, ಕೈಬಿಟ್ಟ ಗಂಡ, ಇಷ್ಟನ್ನೇ ಕೇಳುವ ಸಂದರ್ಶನಗಳನ್ನು ನಾವೆಲ್ಲ ನೋಡಿದ್ದೇವೆ. ‘ಆ ಕಂದಪದ್ಯವನ್ನು ಯಾವ ಶ್ರುತಿಗೆ ಹಾಡುತ್ತಿದ್ದಿರಿ?’ ಎಂದು ಕೇಳಿ ನೋಡಿ. ಕಸುಬಿನ ಬಗ್ಗೆ ಕೇಳಿದರೆ ಮುಖ ಅರಳುತ್ತದೆ. ನೋವಿನ ಮಾತು ಬರುವುದಿದ್ದರೆ ಆ ದಾರಿಯಲ್ಲೇ, ಅವರಿಗೆ ಬೇಕಾದಷ್ಟೇ ಬರುತ್ತದೆ.

ನಾಲ್ಕನೆಯದು: ಕೈಗಳನ್ನು ಚಿತ್ರಿಸಿ, ಬೇಗ ಕತ್ತರಿಸಬೇಡಿ

ಬಣ್ಣ ಹಚ್ಚಿಕೊಳ್ಳುವುದು, ಸೀರೆಯ ನೆರಿಗೆ ಹಿಡಿಯುವುದು, ಟ್ರಂಕು ತುಂಬುವುದು, ಅಕ್ಕಿ ಆರಿಸುವುದು. ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ಆ ಕೆಲಸ ಮುಗಿಯುವವರೆಗೂ ಕೈ ಹಚ್ಚಬೇಡಿ. ಬೆಲ್ಜಿಯಂನ ಶಾಂತಾಲ್ ಅಕೆರ್ಮಾನ್ 1975ರಲ್ಲಿ ‘ಜಾನ್ ಡೀಲ್ಮನ್’ ಮಾಡಿದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಮೂರು ಗಂಟೆ ಇಪ್ಪತ್ತೊಂದು ನಿಮಿಷದ ಆ ಕಥಾಚಿತ್ರದಲ್ಲಿ ಒಬ್ಬ ಗೃಹಿಣಿ ಆಲೂಗಡ್ಡೆ ಸುಲಿಯುವುದನ್ನು, ಪಾತ್ರೆ ತೊಳೆಯುವುದನ್ನು ಅಲುಗಾಡದ ಕ್ಯಾಮೆರಾ ನೋಡುತ್ತಲೇ ಇರುತ್ತದೆ. ಅಡುಗೆಮನೆಯ ಹೊತ್ತು ಎಷ್ಟು ಭಾರ ಎಂಬುದು ನೋಡುವವರ ಮೈಗೆ ಇಳಿಯುತ್ತದೆ. ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳಿಗಾಗಿ 2022ರಲ್ಲಿ ನಡೆಸಿದ ವಿಮರ್ಶಕರ ಮತದಾನದಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ.

ತಾಂತ್ರಿಕವಾಗಿ ಮೂರು ಸಂಗತಿ ನೆನಪಿರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದು, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟಿನ ಮಿಣುಕು ಕಾಡುವುದಿಲ್ಲ. ರಂಗದ ದೀಪದಲ್ಲಿ ಬಣ್ಣ ಹಚ್ಚಿದ ಮುಖ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ, ಮುಖಕ್ಕೆ ಬೆಳಕು ಅಳೆದು ಎಕ್ಸ್‌ಪೋಷರ್ (ಕ್ಯಾಮೆರಾ ಒಳಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ಲಾಕ್ ಮಾಡಿ. ಮೂರನೆಯದು, ಧ್ವನಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ರೇಷ್ಮೆ ಸೀರೆಗೆ ಕಾಲರ್ ಮೈಕ್ ಸಿಕ್ಕಿಸಿದರೆ ಸರಸರ ಸದ್ದು, ಬಳೆಯ ಕೈ ಎದೆಗೆ ಬಂದರೆ ಟಣಟಣ. ಸೆರಗಿನ ಒಳಗೆ ರವಿಕೆಯ ಅಂಚಿಗೆ ಮೈಕನ್ನು ಟೇಪಿನಿಂದ ಅಂಟಿಸಿಕೊಳ್ಳಲು ಅವರನ್ನೇ ಕೇಳಿ. ತಂಡದಲ್ಲಿ ಒಬ್ಬ ಹುಡುಗಿಯಿದ್ದರೆ ಇಂಥವೆಲ್ಲ ಸಲೀಸು. ಫ್ಯಾನ್ ಆರಿಸಿ. ಒಮ್ಮೆ ಸೆಕೆಯೆಂದು ಫ್ಯಾನ್ ಬಿಟ್ಟು ನಾನು ಎರಡು ಗಂಟೆಯ ಮಾತು ಕಳೆದುಕೊಂಡೆ. ಮತ್ತೆ ಕೇಳಿದಾಗ ಆ ಅಜ್ಜಿ ಅದನ್ನೇ ಹೇಳಿದರು, ಆದರೆ ಮೊದಲ ಸಲದ ಹುರುಪು ಅದರಲ್ಲಿರಲಿಲ್ಲ. ಪ್ರತಿ ಜಾಗದಲ್ಲೂ ಯಾರೂ ಮಾತಾಡದ ಒಂದು ನಿಮಿಷವನ್ನು ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಮಾತಿನ ನಡುವಿನ ಹೊಲಿಗೆ ಕಾಣದಂತೆ ಮಾಡುವುದು ಆ ಒಂದು ನಿಮಿಷವೇ.

ಐದನೆಯದು: ಇಲ್ಲದ್ದನ್ನು ತೋರಿಸುವ ಬಗೆ

ಹಳೆಯ ನಟಿಯರ ಅಭಿನಯ ಹೆಚ್ಚಾಗಿ ಎಲ್ಲೂ ದಾಖಲಾಗಿಲ್ಲ. ಉಳಿದಿರುವುದು ಮಾಸಿದ ಕರಪತ್ರ, ಗೆದ್ದಲು ತಿಂದ ಫೋಟೊ, ಯಾರದೋ ನೆನಪು. ಚಿತ್ರವೊಂದು ಪ್ರಯೋಗಕ್ಕೆ ಇಳಿಯಬೇಕಾದ್ದು ಇಲ್ಲಿಯೇ.

ಮಧುಶ್ರೀ ದತ್ತಾ 2000ದಲ್ಲಿ ಅಕ್ಕಮಹಾದೇವಿಯ ಬಗ್ಗೆ ‘ಸ್ಕ್ರಿಬಲ್ಸ್ ಆನ್ ಅಕ್ಕ’ ಮಾಡಿದಾಗ ಹನ್ನೆರಡನೆಯ ಶತಮಾನದ ಅಕ್ಕನನ್ನು ವೇಷ ಹಾಕಿ ಮರುಸೃಷ್ಟಿಸುವುದಷ್ಟಕ್ಕೇ ನಿಲ್ಲಲಿಲ್ಲ. ಇಂದಿನವರ ಮಾತು, ವಚನಗಳ ಹಾಡು, ಸೀಮಾ ಬಿಸ್ವಾಸ್ ಅವರ ಅಭಿನಯ ಎಲ್ಲವನ್ನೂ ಒಂದಕ್ಕೊಂದು ತಾಗಿಸಿದರು. ಸಬಾ ದೆವಾನ್ ಅವರ ‘ದಿ ಅದರ್ ಸಾಂಗ್’ (2009) ಒಂದೇ ಒಂದು ಶಬ್ದವನ್ನು ಹುಡುಕಿಕೊಂಡು ಹೋಗುತ್ತದೆ. ಬನಾರಸಿನ ರಸೂಲನ್ ಬಾಯಿ ಹಾಡಿದ ಪ್ರಸಿದ್ಧ ಠುಮ್ರಿಯಲ್ಲಿ (ಹಿಂದೂಸ್ತಾನಿ ಸಂಗೀತದ ಒಂದು ಹಾಡುಪ್ರಕಾರ) ಪೆಟ್ಟು ಬೀಳುವುದು ‘ಕರೇಜವಾ’ಕ್ಕೆ, ಅಂದರೆ ಎದೆಯಾಳಕ್ಕೆ. 1935ರ ಗ್ರಾಮಫೋನ್ ತಟ್ಟೆಯಲ್ಲಿ ಅದೇ ಗಾಯಕಿ ಹಾಡಿದ್ದು ‘ಜೋಬನವಾ’, ಅಂದರೆ ಯೌವನದ ಮೈಗೆ. ಆ ಒಂದು ಶಬ್ದ ಮರೆಯಾದದ್ದರ ಹಿಂದೆ ತವಾಯಫರ, ಅಂದರೆ ಉತ್ತರ ಭಾರತದ ಹಾಡು-ಕುಣಿತದ ವೃತ್ತಿಯ ಹೆಂಗಸರ, ಇಡೀ ಲೋಕವೇ ಮರೆಯಾದ ಕಥೆಯಿದೆ. ನಿಮ್ಮ ಕಲಾವಿದೆ ಹಾಡುವುದನ್ನು ನಿಲ್ಲಿಸಿದ ಒಂದು ಹಾಡು, ಬಿಟ್ಟುಬಿಟ್ಟ ಒಂದು ಪಾತ್ರ ಇದೆಯೇ ಎಂದು ಕೇಳಿ. ಯಾಕೆ ಬಿಟ್ಟಿರಿ ಎಂಬ ಪ್ರಶ್ನೆಯ ಮೇಲೆಯೇ ಚಿತ್ರ ನಿಲ್ಲಬಹುದು.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ತೋರಿದ ದಾರಿ ಇನ್ನೊಂದು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಿಂದ ಹಿಡಿದು ಪತ್ರಿಕೆಯಲ್ಲಿ ಬಂದ ಕಳ್ಳಿಯರ ಫೋಟೊವರೆಗೆ ನಾವು ನೋಡಿ ರೂಢಿಯಾದ ಹೆಣ್ಣಿನ ಚಿತ್ರಗಳೊಳಗೆ ತಾವೇ ಹೊಕ್ಕು ನಿಂತರು. ನಿಮ್ಮ ನಟಿಗೂ ತಮ್ಮ ಇಪ್ಪತ್ತರ ಫೋಟೊ ಕೊಟ್ಟು, ಅದೇ ಭಂಗಿಯಲ್ಲಿ ಈಗ ಕೂರುತ್ತೀರಾ ಎಂದು ಕೇಳಬಹುದು. ಒಲ್ಲೆ ಎಂದರೆ ಅಲ್ಲಿಗೇ ಬಿಡಿ.

ಆರನೆಯದು: ಸಂಕಲನ

ಅಂದಿನ ಚಿತ್ರೀಕರಣವನ್ನು ಅಂದೇ ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ. ಮಾತೆಲ್ಲವನ್ನೂ ಕಾಗದಕ್ಕಿಳಿಸಿ, ಕತ್ತರಿಸಿ, ನೆಲದ ಮೇಲೆ ಹರಡಿ ಜೋಡಿಸಿ ನೋಡಿ. ಹುಟ್ಟು, ಮದುವೆ, ಪ್ರಶಸ್ತಿ ಎಂಬ ಕ್ರಮಕ್ಕೆ ಬೀಳಬೇಡಿ. ವಿವರಿಸುವ ಹಿನ್ನೆಲೆ ಧ್ವನಿ ಬೇಕೆನಿಸಿದರೆ ಅದಿಲ್ಲದೆ ಒಮ್ಮೆ ನೋಡಿ, ಹೆಚ್ಚಿನ ಕಡೆ ಅದು ಬೇಕಿರುವುದಿಲ್ಲ.

ಕೊನೆಗೆ: ಮೊದಲ ಪ್ರೇಕ್ಷಕಿ

ಚಿತ್ರವನ್ನು ಎಲ್ಲಿಗೂ ಕಳಿಸುವ ಮುಂಚೆ ಅವರಿಗೆ ತೋರಿಸಿ. ಬೇಡವೆಂದ ದೃಶ್ಯವನ್ನು ತೆಗೆಯಿರಿ, ಅದು ನಿಮಗೆ ಎಷ್ಟೇ ಪ್ರಿಯವಾಗಿದ್ದರೂ. ಆಮೇಲೆ ಉತ್ಸವಗಳ ಯೋಚನೆ. 1990ರಿಂದ ನಡೆಯುತ್ತಿರುವ ಮುಂಬೈ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ, 2008ರಲ್ಲಿ ಶುರುವಾದ ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ ಎರಡೂ ಇಂಥ ಚಿತ್ರಗಳ ಮನೆಗಳೇ. ಇಂಗ್ಲಿಷ್ ಅಡಿಬರಹ ಸಿದ್ಧವಿರಲಿ. ಥಿಯೇಟರಿನಲ್ಲಿ ಸಾರ್ವಜನಿಕವಾಗಿ ತೋರಿಸುವುದಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕು.

ಊರಿನ ಪ್ರದರ್ಶನವನ್ನು ಕಂಪನಿಯ ಕ್ಯಾಂಪಿನಲ್ಲೇ ಇಟ್ಟುಕೊಳ್ಳಿ. ಸಂಜೆ ಬೇಡ, ಕಲಾವಿದರು ಬಣ್ಣಕ್ಕೆ ಕೂರುವ ಹೊತ್ತು ಅದು. ಬೆಳಗ್ಗೆ ಹನ್ನೊಂದರ ಸುಮಾರಿಗೆ ಎಲ್ಲರೂ ಎದ್ದು, ಅಡುಗೆ ಮುಗಿಸಿರುತ್ತಾರೆ. ತಗಡಿನ ಸಂದುಗಳಿಂದ ಬಿಸಿಲು ಬೀಳುತ್ತದೆ, ಮುಚ್ಚಲು ಒಂದಷ್ಟು ಹಳೆಯ ಪರದೆಗಳನ್ನು ಕಂಪನಿಯವರಿಂದಲೇ ಕೇಳಿ ಪಡೆಯಿರಿ.