ವನ್ಯಜೀವಿಗಳಿಗಾಗಿ ಜಮೀನು ದಾನ: ಮಲೆನಾಡಿನ ಭೂಮಾಲೀಕರು ಅನುಸರಿಸಬೇಕಾದ ಕ್ರಮ

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಥವಾ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಅಂಚಿನಲ್ಲಿ ಜಮೀನಿದ್ದು, ಮಕ್ಕಳು ಊರು ಬಿಟ್ಟ ಮೇಲೆ ಹಡಿಲು ಬಿದ್ದ ಗದ್ದೆಯನ್ನು ಕಾಡಿಗೇ ಬಿಟ್ಟುಕೊಡೋಣವೆಂದು ಯೋಚಿಸುವವರು ಮೊದಲು ಗಮನಿಸಬೇಕಾದುದು ವಿಸ್ತೀರ್ಣವನ್ನಲ್ಲ, ಜಮೀನು ಇರುವ ಜಾಗವನ್ನು. ಸಿಂಗಳೀಕವು ಬಹುಮಟ್ಟಿಗೆ ಮರದ ಮೇಲೆಯೇ ಬದುಕುವ ಪ್ರಾಣಿಯಾದ್ದರಿಂದ, ಎರಡು ಕಾನುಗಳ (ದಟ್ಟ ಕಾಡುಗಳ) ನಡುವೆ ಇರುವ ಎರಡೇ ಎಕರೆ ಹುಲ್ಲಿನ ಬೇಣದಲ್ಲಿ ಮರ ಬೆಳೆದು ಕೊಂಬೆಗೆ ಕೊಂಬೆ ಕೂಡಿದರೆ ಅದಕ್ಕೊಂದು ದಾರಿಯಾಗುತ್ತದೆ. ಸುತ್ತಲೂ ತೋಟಗಳಿರುವ ಇಪ್ಪತ್ತು ಎಕರೆಯಿಂದ ಅಷ್ಟು ಪ್ರಯೋಜನವಿಲ್ಲ. ಹೀಗಾಗಿ ವಲಯ ಅರಣ್ಯಾಧಿಕಾರಿಯೊಡನೆ ಒಮ್ಮೆ ಜಾಗವನ್ನು ನಡೆದು ನೋಡಿದ ನಂತರವೇ ಕಾಗದಪತ್ರಕ್ಕೆ ಕೈಹಾಕುವುದು ಒಳ್ಳೆಯದು.

ಕೆಲಸ ಕಟ್ಟಿಹಾಕುವುದು ಸಾಮಾನ್ಯವಾಗಿ ದಾಖಲೆಗಳೇ. ಪಹಣಿ, ಮ್ಯುಟೇಶನ್, ಋಣಭಾರ ಪ್ರಮಾಣಪತ್ರಗಳನ್ನು ತೆಗೆಸಿ, ಸೊಸೈಟಿ ಅಥವಾ ಬ್ಯಾಂಕಿನ ಸಾಲವಿದ್ದರೆ ತೀರಿಸಿ, ಜಂಟಿ ಖಾತೆಯಾಗಿದ್ದರೆ ಎಲ್ಲ ಹಕ್ಕುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಬೇಕು. ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಾದ ಸೊಪ್ಪಿನಬೆಟ್ಟವನ್ನು ತಲೆಮಾರುಗಳಿಂದ ಅನುಭವಿಸುತ್ತ ಬಂದಿದ್ದರೂ ಅದು ಸರ್ಕಾರದ ಭೂಮಿಯಾದ್ದರಿಂದ ದಾನಕ್ಕೆ ಬರುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಜಮೀನು ಮುಳುಗಡೆಯಾಗಿ ಬಂದು ಇನ್ನೂ ಹಕ್ಕುಪತ್ರ ಕಾಣದ ಕುಟುಂಬಗಳ ಸ್ಥಿತಿಯೂ ಇದೇ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ, ಅಂಥ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯ ಪ್ರಶ್ನೆಯನ್ನು ಮೊದಲೇ ಬಗೆಹರಿಸಿಕೊಳ್ಳಬೇಕು.

ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿಯೂ ನೋಂದಣಿಯೂ ಕಡ್ಡಾಯ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ದಾನಿಯು ಬದುಕಿರುವಾಗಲೇ ದಾನ ಸ್ವೀಕಾರವಾಗದಿದ್ದರೆ ಅದು ಅಸಿಂಧುವಾಗುವುದರಿಂದ, ವಯಸ್ಸಾದವರು ಸರ್ಕಾರದ ಸ್ವೀಕೃತಿಯ ಆದೇಶ ಕೈಸೇರುವವರೆಗೂ ಬೆನ್ನುಬಿಡಬಾರದು. ಪಕ್ಕದವರ ಅಡಿಕೆ ತೋಟಕ್ಕೆ ಹೋಗುವ ನೀರಿನ ಕಾಲುವೆಯನ್ನೂ ಕಾಲುದಾರಿಯನ್ನೂ ಬಿಟ್ಟು ಗಡಿ ಗುರುತಿಸಿಕೊಳ್ಳಿ. ಉದ್ಯಾನಕ್ಕೆ ಸೇರಿದ ಮೇಲೆ ಅಲ್ಲಿ ದನ ಮೇಯಿಸಲಾಗದು, ನೀರನ್ನು ತಿರುಗಿಸಲೂ ಆಗದು.

ನೋಂದಣಿಯಾದ ಮಾತ್ರಕ್ಕೆ ಜಮೀನು ಉದ್ಯಾನವಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಕಲಮಿನಡಿ ಅಧಿಸೂಚನೆ ಹೊರಡಬೇಕು, ಈಗಿರುವ ಉದ್ಯಾನದ ಗಡಿ ಬದಲಿಸಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಇದು ಬೇಗ ಮುಗಿಯುವ ಕೆಲಸವಲ್ಲ.

ಒಡೆತನ ಬಿಡಲು ಮನಸ್ಸಿಲ್ಲದವರಿಗೆ ಅದೇ ಕಾಯ್ದೆಯ 36ಸಿ ಕಲಮಿನ ಸಮುದಾಯ ಮೀಸಲು ಪ್ರದೇಶವೇ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು ಇಂಥದ್ದೇ. ಇದರಲ್ಲಿ ಪಹಣಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಆದರೆ ಘೋಷಣೆಯಾದ ನಂತರ ಭೂಬಳಕೆಯನ್ನು ಬದಲಿಸಬೇಕೆಂದರೆ ನಿರ್ವಹಣಾ ಸಮಿತಿಯ ನಿರ್ಣಯವೂ ರಾಜ್ಯ ಸರ್ಕಾರದ ಅನುಮೋದನೆಯೂ ಬೇಕಾಗುತ್ತವೆ.