ರೊಟ್ಟಿ ಬಿಡದೆ ಲೆಕ್ಕ ಇಟ್ಟ ನನ್ನ ಅನುಭವ

ಕಳೆದ ವರ್ಷ ರಕ್ತದ ಸಕ್ಕರೆ ಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 6.2 ಬಂತು. ಅದು 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದಂತೆ. ಊಟ ತಿದ್ದಿಕೊಳ್ಳಿ, ತೂಕ ಇಳಿಸಿ ಅಂದರು ಡಾಕ್ಟರು. ಕೈಗೊಂದು ಡಯಟ್ ಚಾರ್ಟೂ ಬಂತು. ಬೆಳಿಗ್ಗೆ ಓಟ್ಸ್, 11ಕ್ಕೆ ಸೇಬು, ಮಧ್ಯಾಹ್ನ ಚಪಾತಿ, ಸಂಜೆ ಗ್ರೀನ್ ಟೀ, ರಾತ್ರಿ 7ಕ್ಕೆ ಪನೀರು, ಸಲಾಡ್. ತಿನಿಸುಗಳೆಲ್ಲ ಒಳ್ಳೆಯವೇ. ಆದರೆ ನಾನು ಕಲಬುರಗಿಯಿಂದ ಜೇವರ್ಗಿ ಕಡೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಶಿಕ್ಷಕಿ. ಮನೆಯಲ್ಲಿ ಐದು ಮಂದಿ. ನನಗೊಬ್ಬಳಿಗೇ ಬೇರೆ ಅಡಿಗೆ ಅಂದರೆ ಬಹಳ ದಿನ ನಡೆಯುವ ಮಾತಲ್ಲ. ಶ್ರಾವಣ ಸೋಮವಾರದ ಉಪವಾಸಕ್ಕಾಗಲಿ, ಶರಣಬಸವೇಶ್ವರ ಜಾತ್ರೆಗೆ ಬರುವ ಬೀಗರ ಊಟಕ್ಕಾಗಲಿ ಅದರಲ್ಲಿ ಜಾಗವೇ ಇರಲಿಲ್ಲ.

ಹಾಗಾಗಿ ಚಾರ್ಟಿನಂತೆ ಅಡಿಗೆ ಬದಲಿಸುವುದು ಬಿಟ್ಟು, ಮನೆಯಲ್ಲಿ ಹೇಗೂ ಆಗುವ ಅಡಿಗೆಯನ್ನೇ ಅಳೆದು ಬರೆದಿಡತೊಡಗಿದೆ. ಬೇಕಾಗಿದ್ದು ಒಂದು ಡಿಜಿಟಲ್ ತಕ್ಕಡಿ, ಒಂದು ನೋಟ್‌ಬುಕ್.

ಮೊದಲು ಜೋಳದ ರೊಟ್ಟಿ. ಮೊಬೈಲ್ ಆ್ಯಪಿನಲ್ಲಿ ರೊಟ್ಟಿ ಅಂತ ಹುಡುಕಿದರೆ ಗೋಧಿ ಚಪಾತಿಯ ಲೆಕ್ಕ ಬರುತ್ತಿತ್ತು. ಅದು ನಮ್ಮ ರೊಟ್ಟಿಗೆ ಹೊಂದುವುದಿಲ್ಲ. ಸುಟ್ಟ ರೊಟ್ಟಿಯನ್ನು ತೂಗುವುದೂ ಉಪಯೋಗವಿಲ್ಲ. ಬಿಸಿ ಬಿಸಿ ಮೆತ್ತನೆಯ ರೊಟ್ಟಿಯಲ್ಲಿ ನೀರಿರುತ್ತದೆ, ಅದೇ ರೊಟ್ಟಿ ಒಣಗಿ ಕಡಕ್ ಆದಾಗ ಹಗುರ. ಎರಡರಲ್ಲೂ ಹಿಟ್ಟು ಅಷ್ಟೇ. ಕಡಕ್ ರೊಟ್ಟಿ ಹಗುರ ಅಂತ ನಾಲ್ಕು ತಿಂದರೆ ನಾಲ್ಕು ರೊಟ್ಟಿಯ ಹಿಟ್ಟೇ ಹೊಟ್ಟೆಗೆ ಹೋಗುತ್ತದೆ. ಅದಕ್ಕೆ ಒಣ ಹಿಟ್ಟನ್ನೇ ತೂಗಿದೆ. ಅತ್ತೆ ಕುದಿನೀರು ಹಾಕಿ ನಾದುವ ಮೊದಲು ಪರಾತವನ್ನು ತಕ್ಕಡಿ ಮೇಲಿಟ್ಟು ಹಿಟ್ಟಿನ ತೂಕ ನೋಡಿದೆ, ಎಷ್ಟು ರೊಟ್ಟಿ ಆದವು ಎಣಿಸಿದೆ. ಅವರ ಕೈಯಲ್ಲಿ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು. "ರೊಟ್ಟಿ ಬಡಿಲಾಕತ್ತಿ ಐವತ್ತ ವರ್ಷ ಆತು, ನನ್ನ ಕೈ ತೂಕ ತಪ್ಪಂಗಿಲ್ಲವಾ" ಅಂದರು. ನಿಜ, ಮತ್ತೆ ಮತ್ತೆ ತೂಗಿದರೂ ಅಷ್ಟೇ ಬಂತು. ಆಮೇಲೆ ತೂಗಲೇ ಇಲ್ಲ, ಎಣಿಸಿದರೆ ಸಾಕಾಯಿತು. 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು. ಅಂದರೆ ಒಂದು ರೊಟ್ಟಿಗೆ 200 ಕ್ಯಾಲೊರಿ, 6 ಗ್ರಾಂ ಪ್ರೋಟೀನ್.

ಬೇಳೆಯದೂ ಇದೇ ರೀತಿ. ನಮ್ಮ ತೊಗರಿಬೇಳೆ ಬೆಂದಾಗ ಎಷ್ಟು ನೀರು ಕುಡಿಯುತ್ತದೋ ಹೇಳಲು ಬರುವುದಿಲ್ಲ, ಒಣಗಿದ್ದಾಗಲೇ ಅಳೆಯಬೇಕು. ಒಂದು ಬೋಗುಣಿಗೆ 200 ಗ್ರಾಂ ಬೇಳೆ ಹಾಕಿದರೆ ಸುಮಾರು 43 ಗ್ರಾಂ ಪ್ರೋಟೀನ್. ಅದು ಹತ್ತು ಸೌಟು ಆದರೆ ಸೌಟಿಗೆ 4 ಗ್ರಾಂ ಚಿಲ್ಲರೆ. ಎಲ್ಲರೂ ಒಂದೇ ಬೋಗುಣಿಯಿಂದ ಉಣ್ಣುವ ಮನೆಗೆ ಸೌಟಿನ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಎಣ್ಣೆಯನ್ನು ಚಮಚದಲ್ಲಿ ಹಿಡಿಯಲು ಹೋಗಲೇ ಇಲ್ಲ. ತಿಂಗಳಿಗೆ 5 ಲೀಟರ್ ಅಂದರೆ ಸುಮಾರು 4,550 ಗ್ರಾಂ. ಐದು ಮಂದಿಗೆ, 30 ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 30 ಗ್ರಾಂ. ಕಿರಾಣಿ ಚೀಟಿಯಲ್ಲಿ 5 ಅನ್ನು 4 ಮಾಡಿದೆ, ತಾನಾಗಿ 24ಕ್ಕೆ ಇಳಿಯಿತು. ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಮಾತ್ರ ಬೇರೆ ಬರೆಯಬೇಕು. 20 ಗ್ರಾಂ ಹಿಂಡಿ ಅಂದರೆ 100 ಕ್ಯಾಲೊರಿ. ರೊಟ್ಟಿ ಜೊತೆ ಹಿಂಡಿ, ಮೇಲೆ ಎಣ್ಣೆ ಹಾಕಿಕೊಂಡು ತಿನ್ನುವ ನಮಗೆ ಇದು ಗೊತ್ತಿರಲೇಬೇಕು.

ದಿನಕ್ಕೆ ನಾನು ನೋಡುತ್ತಿದ್ದುದು ಎರಡೇ ಅಂಕಿ: ಒಟ್ಟು ಕ್ಯಾಲೊರಿ, ಒಟ್ಟು ಪ್ರೋಟೀನ್. ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 66 ಕೆಜಿಯ ನನಗೆ 55 ಗ್ರಾಂ. ಮೂರು ರೊಟ್ಟಿಗೆ 18, ಮೂರು ಸೌಟು ಬೇಳೆಗೆ 13, ಉಸುಳಿಗೆ 12, ಮೊಸರಿಗೆ 6, ಹಿಂಡಿಗೆ 5 ಹಿಡಿದರೆ ಹತ್ತಿರ ಹತ್ತಿರ ಮುಟ್ಟುತ್ತದೆ. ಮಧ್ಯಾಹ್ನ ಅನ್ನ ಹೆಚ್ಚಾದರೆ ರಾತ್ರಿ ಒಂದೇ ರೊಟ್ಟಿ, ಪುಂಡಿಪಲ್ಯ ಜಾಸ್ತಿ. ಈ ಕೊಡು-ಕೊಳ್ಳುವಿಕೆಗೆ ಚಾರ್ಟಿನಲ್ಲಿ ದಾರಿ ಇರಲಿಲ್ಲ.

ಚಾರ್ಟಿನಿಂದ ಒಂದನ್ನು ಮಾತ್ರ ಇಟ್ಟುಕೊಂಡೆ, ಬೆಳಗಿನ ಊಟ ಗೊತ್ತುಪಡಿಸಿಕೊಳ್ಳುವುದು. ಬಸ್ಸಿನ ಗಡಿಬಿಡಿಯಲ್ಲಿ ಯೋಚಿಸಲು ಪುರಸೊತ್ತಿರುವುದಿಲ್ಲ, ಆಗ ಕೈ ಹೋಗುವುದು ಸುಸಲಾ, ಮಿರ್ಚಿ ಭಜಿ ಕಡೆಗೇ. ಅದಕ್ಕೆ ದಿನಾ ಮೊಳಕೆ ಹೆಸರುಕಾಳಿನ ಉಸುಳಿ, ಒಂದು ರೊಟ್ಟಿ, ಮೊಸರು. ಇದರಲ್ಲಿ ಬದಲಾವಣೆ ಇಲ್ಲ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ತಕ್ಕಡಿ ಮನೆಯಲ್ಲೇ. ಹಸಿ ತೊಗರಿ, ಅವರೆ, ಕಡಲೆಕಾಳು, ಹತ್ತಾರು ಸೊಪ್ಪು ಹಾಕಿದ ಭಜ್ಜಿಯನ್ನು ಯಾವ ಆ್ಯಪೂ ಅರಿಯದು. ಕಾಳು, ಸೊಪ್ಪು ತುಂಬಿದ ಊಟಕ್ಕೆ ಹೆದರುವುದಾದರೂ ಏಕೆ? "ಭಜ್ಜಿ, ಸಜ್ಜೆ ರೊಟ್ಟಿ ಎರಡು, ಶೇಂಗಾ ಹೋಳಿಗೆ ಒಂದು" ಅಂತಷ್ಟೇ ಬರೆದೆ, ಅಂಕಿ ಹಾಕಲಿಲ್ಲ. ಮರುದಿನ ಉಪವಾಸವನ್ನೂ ಮಾಡಲಿಲ್ಲ. ಹಬ್ಬಕ್ಕೆ ತಿಂದದ್ದನ್ನು ಹಸಿದು ತೀರಿಸುವ ಚಾಳಿ ಹತ್ತಿಕೊಂಡರೆ ಅದೇ ಒಂದು ರೋಗ.

ತೂಕ ನಿಧಾನಕ್ಕೆ ಇಳಿಯಿತು. ಎಚ್‌ಬಿಎ1ಸಿ ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಅವಸರ ಮಾಡದೆ ಕಾದು ಪರೀಕ್ಷೆ ಮಾಡಿಸಿದೆ. ಈಗ 5.8. ಸಂಜೆ ಸಾರ್ವಜನಿಕ ಉದ್ಯಾನದಲ್ಲಿ ನಡೆದದ್ದರ ಪಾಲೂ ಇದರಲ್ಲಿದೆ.

ಆದರೆ ನನ್ನ ಮೈದುನನಿಗೆ ಈ ದಾರಿ ಹೇಳಲಿಲ್ಲ. ಅವನು ಹೊತ್ತಿಗೆ ಸರಿಯಾಗಿ ಗೊತ್ತಾದ ಡೋಸ್ ಇನ್ಸುಲಿನ್ ತೆಗೆದುಕೊಳ್ಳುವವನು. ಚುಚ್ಚಿಕೊಂಡು ಊಟ ತಡವಾದರೆ, ಕಡಿಮೆಯಾದರೆ ಸಕ್ಕರೆ ಕುಸಿಯುತ್ತದೆ. ಅವನಿಗೆ ಡಾಕ್ಟರು ಕೊಟ್ಟ ಚಾರ್ಟೇ ಸರಿ. ಪಿಯುಸಿ ಓದುವ ಮಗಳ ವಿಷಯವೂ ಬೇರೆ. "ಅವ್ವಾ, ನಂದೂ ಎಷ್ಟಾತು ಬರಿ" ಅಂತ ತಾಟು ಹಿಡಿದು ಬಂದ ದಿನದಿಂದ ಅವಳ ಎದುರು ನೋಟ್‌ಬುಕ್ ತೆಗೆಯುವುದಿಲ್ಲ. ಬೆಳೆಯುವ ಹುಡುಗಿ ಹಸಿವಿದ್ದಷ್ಟು ಉಣ್ಣಲಿ. ನನ್ನ ಲೆಕ್ಕ ರಾತ್ರಿ ಎಲ್ಲರೂ ಮಲಗಿದ ಮೇಲೆ, ಎರಡು ನಿಮಿಷದ ಕೆಲಸ.