ಊರ ಗೋಮಾಳ ಯಾರ ಹೆಸರಿಗಿದೆ? ದಾಖಲೆ ಹುಡುಕುವ ಕ್ರಮ

ಗೋಮಾಳದಲ್ಲಿ ದನ ಮೇಯಿಸುವವರ ಹೆಸರನ್ನು ಕಂದಾಯ ಕಚೇರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 71ನೇ ಕಲಮಿನ ಪ್ರಕಾರ ಊರಿನ ಜಾನುವಾರುಗಳ ಉಚಿತ ಮೇವಿಗಾಗಿ ಸರ್ಕಾರಿ ಜಮೀನನ್ನು ಕಾಯ್ದಿರಿಸಲಾಗುತ್ತದೆ. 72ನೇ ಕಲಮು ಆ ಮೇವಿನ ಹಕ್ಕನ್ನು ಆಯಾ ಊರಿನ ದನಕರುಗಳಿಗೆ ಸೀಮಿತಗೊಳಿಸುತ್ತದೆ. ಹಕ್ಕು ಇಡೀ ಊರಿನದು, ಆದ್ದರಿಂದ ಪರವಾನಗಿ ಚೀಟಿಯೂ ಇಲ್ಲ, ಫಲಾನುಭವಿಗಳ ಪಟ್ಟಿಯೂ ಇಲ್ಲ. ಗೋಮಾಳದ ದಾಖಲೆಯಲ್ಲಿ ಒಬ್ಬರ ಹೆಸರು ಕಾಣಿಸಿಕೊಂಡಿತೆಂದರೆ, ಅಷ್ಟು ಜಾಗದಲ್ಲಿ ಮೇವು ನಿಂತಿದೆ ಎಂದೇ ಅರ್ಥ: ಅದು ಮಂಜೂರಾಗಿರಬಹುದು, ಸಕ್ರಮವಾಗಿರಬಹುದು, ಬೇರೆ ಸಾರ್ವಜನಿಕ ಉದ್ದೇಶಕ್ಕೆ ಹೋಗಿರಬಹುದು, ಇಲ್ಲವೇ ಒತ್ತುವರಿಯಾಗಿರಬಹುದು. ಹಾಗಾಗಿ ಈ ಹುಡುಕಾಟ ಮೂಲ ವಿಸ್ತೀರ್ಣದಿಂದ ಒಂದೊಂದೇ ಆದೇಶವನ್ನು ಕಳೆಯುತ್ತ ಹೋಗುವ ಲೆಕ್ಕ.

ಮೊದಲಿಗೆ ಸರ್ವೆ ನಂಬರು ಗೊತ್ತಿರಬೇಕು. ಊರವರು ಗೋಮಾಳ ಎಂದು ಕರೆಯುವ ಜಾಗ ದಾಖಲೆಯಲ್ಲಿ ಅದೇ ಹೆಸರಿನಲ್ಲಿ ಇರಲೇಬೇಕೆಂದಿಲ್ಲ. ಹಳೆ ಮೈಸೂರಿನ ದಾಖಲೆಗಳಲ್ಲಿ ಹುಲ್ಲುಬನ್ನಿ ಖರಾಬು, ಕಾವಲು ಎಂಬ ಮಾತುಗಳಿವೆ. ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿಯ ಕಡೆ ಗಾಯರಾಣ ಎನ್ನುತ್ತಾರೆ. ಕರಾವಳಿಯ ಕುಮ್ಕಿಯಲ್ಲಂತೂ (ಸಾಗುವಳಿ ಜಮೀನಿಗೆ ಹೊಂದಿಕೊಂಡ ಸರ್ಕಾರಿ ನೆಲ) ಸವಲತ್ತು ಪಕ್ಕದ ವರ್ಗ ಜಮೀನಿನ, ಅಂದರೆ ಪಟ್ಟಾ ಜಮೀನಿನ, ಒಡೆಯರಿಗೆ ಸೇರಿದ್ದಾದ್ದರಿಂದ ಅದರ ಲೆಕ್ಕಾಚಾರವೇ ಬೇರೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿರುವ ದಿಶಾಂಕ್ ಆ್ಯಪ್ ಅನ್ನು ಜಾಗದಲ್ಲಿಯೇ ನಿಂತು ತೆರೆದರೆ, ನಿಂತ ನೆಲದ ಸರ್ವೆ ನಂಬರು ತಿಳಿಯುತ್ತದೆ. ಅಂಚಿನಲ್ಲಿ ಅದು ಕೆಲವು ಮಾರು ಆಚೀಚೆ ತೋರಿಸುವುದುಂಟು. ದಿಕ್ಕು ತಿಳಿಯಲು ಸಾಕು, ಗಡಿ ತಕರಾರಿಗೆ ಸಾಲದು.

ನಂಬರು ಸಿಕ್ಕ ಮೇಲೆ ಭೂಮಿ ಜಾಲತಾಣದಲ್ಲಿ ಪಹಣಿ ನೋಡಿ. 3ನೇ ಕಾಲಂ ವಿಸ್ತೀರ್ಣವನ್ನು ಹೇಳುತ್ತದೆ. ಅದರಲ್ಲಿ ‘ಎ’ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ‘ಬಿ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ. ಹಕ್ಕುದಾರರ ಹೆಸರಿನ 9ನೇ ಕಾಲಂನಲ್ಲಿ ‘ಸರ್ಕಾರಿ ಗೋಮಾಳ’ ಎಂದಿದ್ದರೆ ಅಷ್ಟರಿಂದಲೇ ನಿಶ್ಚಿಂತರಾಗಬೇಡಿ. ಅದೇ ನಂಬರಿನ ಕೆಳಗೆ ಬರುವ ಎಲ್ಲ ಪಹಣಿಗಳನ್ನೂ, ಅಂದರೆ ಪಿ1, ಪಿ2 ಎಂದು ಮುಂದುವರಿಯುವ ‘ಪೈಕಿ’ (ಆ ನಂಬರಿನ ಒಂದೊಂದು ಭಾಗದ) ಪಹಣಿಗಳನ್ನೂ ಒಂದೊಂದಾಗಿ ತೆರೆದು ಹೆಸರು, ವಿಸ್ತೀರ್ಣ ಹಾಗೂ 10ನೇ ಕಾಲಂನಲ್ಲಿರುವ ಮ್ಯುಟೇಷನ್ (ಹಕ್ಕು ಬದಲಾವಣೆ) ಸಂಖ್ಯೆಯನ್ನು ಬರೆದುಕೊಳ್ಳಿ. 11ನೇ ಕಾಲಂನಲ್ಲಿ ಬ್ಯಾಂಕ್ ಸಾಲ, ಪರಭಾರೆ (ಮಾರಾಟ, ವರ್ಗಾವಣೆ) ನಿಷೇಧ, ನ್ಯಾಯಾಲಯದ ತಡೆಯಾಜ್ಞೆಗಳ ಸುಳಿವಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಬೇರೆಯವರ ಹೆಸರಿಗೆ ಹೋಗಿದ್ದರೆ, ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇತ್ತೇ ಎಂಬ ಪ್ರಶ್ನೆಯೂ ಏಳುತ್ತದೆ.

ಪೈಕಿ ಪಹಣಿಗಳ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ಗೋಮಾಳದ ಗೊಂದಲಗಳಲ್ಲಿ ಬಹುಪಾಲು ಇಲ್ಲಿಯೇ ಹುಟ್ಟುತ್ತವೆ. ದರಖಾಸ್ತಿನಲ್ಲಿ, ಅಂದರೆ ಸರ್ಕಾರಿ ಜಮೀನಿಗಾಗಿ ಕೊಟ್ಟ ಅರ್ಜಿಯ ಮೇಲೆ, ಜಮೀನು ಮಂಜೂರಾಗಿ, ಅಳತೆಯಾಗದೆ, ಪೋಡಿಯಾಗದೆ (ಪ್ರತ್ಯೇಕ ನಂಬರಾಗಿ ಬೇರ್ಪಡದೆ) ಪಹಣಿ ಮಾತ್ರ ಹುಟ್ಟಿಕೊಂಡಾಗ ಕಾಗದದ ಮೇಲೆ ಎಕರೆಗಳು ಸಲೀಸಾಗಿ ಬೆಳೆಯುತ್ತವೆ. ನೂರು ಎಕರೆಯ ನಂಬರಿನಲ್ಲಿ ಎಲ್ಲ ಪೈಕಿಗಳನ್ನು ಕೂಡಿದಾಗ ನೂರಿಪ್ಪತ್ತು ಎಕರೆ ಬಂದರೆ ಕೂಡಿಸುವಾಗ ತಪ್ಪಿದೆವೆಂದು ಗಾಬರಿಯಾಗಬೇಕಿಲ್ಲ.

ಈ ಮೊತ್ತವನ್ನು ತಾಳೆ ನೋಡಬೇಕಾದದ್ದು ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದ ಸರ್ವೆ ದಾಖಲೆಯಾದ ಆಕಾರಬಂದ್‌ನೊಂದಿಗೆ. ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಆಕಾರಬಂದ್, ಮೂಲ ಟಿಪ್ಪಣಿ (ಮೊದಲ ಅಳತೆಯ ವಿವರ) ಮತ್ತು ಗ್ರಾಮ ನಕ್ಷೆಯ ದೃಢೀಕೃತ ನಕಲುಗಳನ್ನು ಕೇಳಿ. ಉದಾಹರಣೆಗೆ ಒಂದು ನಂಬರಿನ ಆಕಾರಬಂದ್ ವಿಸ್ತೀರ್ಣ 118 ಎಕರೆ 20 ಗುಂಟೆ ಎಂದಿಟ್ಟುಕೊಳ್ಳೋಣ. ಮಂಜೂರಾದದ್ದು ಒಟ್ಟು 41 ಎಕರೆ 10 ಗುಂಟೆ, ಆಶ್ರಯ ನಿವೇಶನಕ್ಕೆ 5 ಎಕರೆ, ಸ್ಮಶಾನಕ್ಕೆ 2 ಎಕರೆ ಎಂದಾದರೆ ಉಳಿಯಬೇಕಾದದ್ದು 70 ಎಕರೆ 10 ಗುಂಟೆ. ಸರ್ಕಾರದ ಹೆಸರಿನ ಪಹಣಿ 52 ಎಕರೆ ಎಂದು ತೋರಿಸಿದರೆ, ಆದೇಶದ ಬೆಂಬಲವಿಲ್ಲದೆ ಹೋದ 18 ಎಕರೆ 10 ಗುಂಟೆ ಯಾರ ಪೈಕಿಯಲ್ಲಿ ಅಡಗಿದೆ ಎಂಬುದೇ ನಿಮ್ಮ ಮುಂದಿನ ಪ್ರಶ್ನೆ.

ಊರಿಗೆ ಎಷ್ಟು ಗೋಮಾಳ ಬೇಕು ಎಂಬುದಕ್ಕೂ ಅಳತೆಗೋಲಿದೆ. ಭೂಕಂದಾಯ ನಿಯಮಗಳು, 1966ರ 97ನೇ ನಿಯಮ ಪ್ರತಿ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೀಸಲಿಡಬೇಕೆನ್ನುತ್ತದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಊರಿನ ಜಾನುವಾರು ಗಣತಿಯ ಅಂಕಿಗಳನ್ನು ಕೇಳಿ ಪಡೆಯಬಹುದು. ಮೇಲಿನ ಉದಾಹರಣೆಯ ಊರಿನಲ್ಲಿ 240 ದನಗಳಿದ್ದರೆ 28.8 ಹೆಕ್ಟೇರ್, ಎಂದರೆ ಸುಮಾರು 71 ಎಕರೆ ಬೇಕು. ಲೆಕ್ಕದಂತೆ ಉಳಿಯಬೇಕಾದ 70 ಎಕರೆ 10 ಗುಂಟೆಯೇ ಸಾಲದೆಂದ ಮೇಲೆ, ಅಲ್ಲಿ ಇತ್ತೀಚೆಗೆ ಹೊಸ ಮಂಜೂರಾತಿ ಯಾವ ಆಧಾರದ ಮೇಲೆ ನಡೆಯಿತು ಎಂದು ಕೇಳಲು ನಿಮಗೆ ಕಾರಣ ಸಿಕ್ಕಿತು. ಮಂಜೂರಾತಿ ಕಡತದಲ್ಲಿ ಗ್ರಾಮ ಲೆಕ್ಕಿಗರು ಮತ್ತು ಕಂದಾಯ ನಿರೀಕ್ಷಕರು ನೀಡಿದ ವರದಿಯನ್ನು ಓದುವಾಗ, ದನಗಳ ಸಂಖ್ಯೆಯನ್ನು ಎಷ್ಟೆಂದು ತೋರಿಸಿದ್ದಾರೆ ಎಂಬುದನ್ನು ತಪ್ಪದೆ ಗಮನಿಸಿ.

ಇನ್ನು ಒಂದೊಂದು ಹೆಸರಿನ ಹಿಂದಿನ ಆದೇಶ. ಹಳೆಯ ಮಂಜೂರಾತಿಗಳು ದರಖಾಸ್ತು ರಿಜಿಸ್ಟರಿನಲ್ಲಿರುತ್ತವೆ. ಬಗರ್‌ಹುಕುಂ (ಅನುಮತಿಯಿಲ್ಲದ ಸಾಗುವಳಿಯ) ಸಕ್ರಮೀಕರಣವಾಗಿದ್ದರೆ ಅರ್ಜಿ ನಮೂನೆ 50, 53 ಅಥವಾ 57ರಲ್ಲಿ ಇರಬೇಕು: 50 ಎಂಬುದು 1991ರಲ್ಲಿ ಕರೆದ ಅರ್ಜಿ, 53 ತೊಂಬತ್ತರ ದಶಕದ ಕೊನೆಯದು, 57 ಎಂಬುದು 2018ರ ತಿದ್ದುಪಡಿಯ ನಂತರದ್ದು. ಶಾಸಕರ ಅಧ್ಯಕ್ಷತೆಯ ಸಮಿತಿ ಇವುಗಳನ್ನು ಪರಿಶೀಲಿಸುತ್ತದೆ, ತಹಶೀಲ್ದಾರರು ಅದರ ಕಾರ್ಯದರ್ಶಿ. ಆದ್ದರಿಂದ ಸಮಿತಿಯ ನಡಾವಳಿಯ ನಕಲು ತಾಲ್ಲೂಕು ಕಚೇರಿಯಲ್ಲಿಯೇ ಸಿಗಬೇಕು. ಅಸಲಿ ಮಂಜೂರಾತಿ ಕನಿಷ್ಠ ನಾಲ್ಕು ಕಡೆ ಗುರುತು ಬಿಟ್ಟಿರುತ್ತದೆ: ಮಂಜೂರಾತಿ ಆದೇಶ ಅಥವಾ ನಡಾವಳಿ, ಕಿಮ್ಮತ್ತು ಕಟ್ಟಿದ ರಸೀದಿ, ಸಾಗುವಳಿ ಚೀಟಿ (ಮಂಜೂರಾದವರಿಗೆ ಕೊಡುವ ಪತ್ರ) ವಿತರಣಾ ವಹಿ ಮತ್ತು ಮ್ಯುಟೇಷನ್ ರಿಜಿಸ್ಟರು. ಸಾಗುವಳಿ ಚೀಟಿಯೊಂದನ್ನೇ ತೋರಿಸಿ, ಉಳಿದ ಮೂರು ಕಡೆ ಸುಳಿವೇ ಇಲ್ಲದಿದ್ದರೆ ಅದನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ.

ಈ ಕಡತಗಳಿಗೆ ಮೊದಲು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ (ಹಳೆ ದಾಖಲೆಗಳ ಕೊಠಡಿ) ನಕಲು ಅರ್ಜಿ ಕೊಡಿ. ಹಳೆ ದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ ಮುಗಿದಿರುವ ತಾಲ್ಲೂಕುಗಳಲ್ಲಿ ಇದು ಬೇಗ ಆಗುತ್ತದೆ. ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ತಹಶೀಲ್ದಾರ್ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ಗೋಮಾಳದ ಸಂಪೂರ್ಣ ಮಾಹಿತಿ ನೀಡಿ’ ಎಂದು ಬರೆದರೆ ಸಂಪೂರ್ಣ ನಿರಾಕರಣೆ ಬರುವ ಸಾಧ್ಯತೆಯೇ ಹೆಚ್ಚು. ಗ್ರಾಮ, ಹೋಬಳಿ, ಸರ್ವೆ ನಂಬರು, ಮ್ಯುಟೇಷನ್ ಸಂಖ್ಯೆ ಮತ್ತು ವರ್ಷವನ್ನು ನಮೂದಿಸಿ, ಬೇಕಾದ ಕಾಗದದ ಹೆಸರನ್ನು ಹೇಳಿ ಕೇಳಿ. ಕಡತ ಲಭ್ಯವಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪದೆ, ಅದನ್ನೇ ಹಿಂಬರಹವಾಗಿ ಬರೆದುಕೊಡಲು ಕೋರಿ. ಕಡತವೇ ಇಲ್ಲದ ಮಂಜೂರಾತಿಗೆ ಅಂಥ ಹಿಂಬರಹ ಒಳ್ಳೆಯ ಸಾಕ್ಷ್ಯ. ಉತ್ತರಕ್ಕೆ 30 ದಿನ, ನಂತರ ಮೊದಲ ಮೇಲ್ಮನವಿಗೆ 30 ದಿನ, ಆಯೋಗಕ್ಕೆ ಹೋಗುವ ಎರಡನೇ ಮೇಲ್ಮನವಿಗೆ 90 ದಿನಗಳ ಅವಧಿಯಿದೆ.

ಎರಡು ಬಗೆಯ ಮೇವುನೆಲಗಳಿಗೆ ಈ ದಾರಿ ಪೂರ್ತಿ ಹೊಂದುವುದಿಲ್ಲ. ಅಮೃತಮಹಲ್ ತಳಿಯ ದನಗಳಿಗಾಗಿ ಮೀಸಲಿಟ್ಟ ಕಾವಲುಗಳ ವಿಚಾರವನ್ನು ಪಶುಪಾಲನಾ ಇಲಾಖೆಯಲ್ಲಿಯೂ ಕೇಳಬೇಕು. ಚಳ್ಳಕೆರೆಯ ಕಾವಲುಗಳು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಮುಂತಾದವುಗಳ ಪಾಲಾದಂತೆ ಅಲ್ಲಿ ಹೆಸರು ವ್ಯಕ್ತಿಯದಾಗಿರದೆ ಸಂಸ್ಥೆಯದಾಗಿರಬಹುದು. ಅರಣ್ಯದೊಳಗಿನ ಮೇಯಿಸುವಿಕೆಗೆ ವಲಯ ಅರಣ್ಯಾಧಿಕಾರಿಯ ಕಚೇರಿಯನ್ನೂ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯಕ್ಕೆ ಹಕ್ಕುಪತ್ರ ಸಿಕ್ಕಿದ್ದರೆ ಗ್ರಾಮಸಭೆಯ ದಾಖಲೆಯನ್ನೂ ನೋಡಿ.

ಹೆಸರುಗಳ ಪಟ್ಟಿ ಕೈಗೆ ಬಂದ ಮೇಲೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಎರಡು ಎಕರೆ ಮಂಜೂರು ಮಾಡಿಸಿಕೊಂಡು ಮೂವತ್ತು ವರ್ಷ ಉತ್ತ ಭೂರಹಿತ ಕುಟುಂಬವೂ, ತಂತಿಬೇಲಿ ಹಾಕಿ ಲೇಔಟ್ ಹಲಗೆ ನೆಟ್ಟವನೂ ಒಂದೇ ಪುಟದಲ್ಲಿರುತ್ತಾರೆ. ಆದೇಶವಿರುವವರು, ಅರ್ಜಿ ಬಾಕಿ ಇರುವವರು, ಏನೂ ಇಲ್ಲದವರು ಎಂದು ಮೂರು ಭಾಗ ಮಾಡಿ, ಕೊನೆಯ ಭಾಗವನ್ನು ಮಾತ್ರ ತಹಶೀಲ್ದಾರರಿಗೆ ಲಿಖಿತ ದೂರಾಗಿ ಸಲ್ಲಿಸಿ. ಒತ್ತುವರಿ ತೆರವಿಗೆ ಭೂಕಂದಾಯ ಅಧಿನಿಯಮದ 104ನೇ ಕಲಮು, ಶಿಕ್ಷೆಗೆ 192ಎ ಕಲಮು, ದೊಡ್ಡ ಕಬಳಿಕೆಗೆ 2011ರ ಭೂಕಬಳಿಕೆ ನಿಷೇಧ ಕಾಯ್ದೆಯ ವಿಶೇಷ ನ್ಯಾಯಾಲಯ ಇವೆ. ಗ್ರಾಮದ ಸಾಮೂಹಿಕ ಜಮೀನಿನ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ನೀಡಿದ ಆದೇಶವನ್ನೂ ದೂರಿನಲ್ಲಿ ಉಲ್ಲೇಖಿಸಬಹುದು.

ದೂರಿನ ಮೇಲೆ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವುದಕ್ಕೆ) ಆದೇಶವಾದರೆ, ಸರ್ವೆಯರ್ ಬರುವ ದಿನ ಊರಿನಲ್ಲಿ ದನ ಕಾಯ್ದ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಟಿಪ್ಪಣಿಯಲ್ಲಿ ಗುರುತು ಮಾಡಿದ ಬಾಂದುಕಲ್ಲು ಯಾವ ಪೊದೆಯೊಳಗೆ ಹೂತಿದೆ, ಯಾವುದನ್ನು ಯಾವ ವರ್ಷ ಕಿತ್ತು ಪಕ್ಕಕ್ಕೆ ನೆಟ್ಟರು ಎಂಬುದು ಅವರಿಗೆ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ಸ್ಥಳ ಮಹಜರಿನಲ್ಲಿಯೇ ಬರೆಸಿ ಸಹಿ ಹಾಕಿಸಿ.